ಕನ್ನಡಿಯ ಹಿಂದಿನ ಕುರ್ಚಿ

ಡೊಂಬಿವಲಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಮಕ್ಕಳ ಬಾಯಿ ಮುಚ್ಚಿಸುವುದೇ ನನ್ನ ಕೆಲಸವಾಗಿತ್ತು. ನನ್ನ ಜೊತೆಗಿದ್ದ ಅಕ್ಕನ ಮಗಳು ರಮಿತಾ ಜನರ ಬಾಯಿ ತೆರೆಸುವ ಕೆಲಸ ಹಿಡಿದಳು. ಸ್ಪೀಚ್ ಥೆರಪಿ ಎಂದರೆ ನಮ್ಮ ಸೊಸೈಟಿಯಲ್ಲಿ ಯಾರಿಗೂ ತಲೆಬುಡ ಗೊತ್ತಾಗಲಿಲ್ಲ. "ಮಾತಾಡ್ಲಿಕ್ಕೆ ಕಲಿಸುದಕ್ಕೂ ಡಿಗ್ರಿ ಬೇಕಾ ವಾರಿಜಕ್ಕ?" ಎಂದು ಎದುರುಮನೆಯ ಬಾಗಿ ಕೇಳಿದಾಗ, "ನಿನ್ನ ಮಾತು ನಿಲ್ಲಿಸುವ ಡಿಗ್ರಿ ಇನ್ನೂ ಬರ್ಲಿಲ್ಲ" ಎಂದಿದ್ದೆ.

ಡಿಗ್ರಿ ಬೇಕಿತ್ತು, ಅದರ ಬಾಲವೂ ಬೇಕಿತ್ತು. ಹನ್ನೆರಡನೆಯ ತರಗತಿಯ ಮೇಲೆ ನಾಲ್ಕು ವರ್ಷ, ಅದರ ಮೇಲೆ ಎಂ.ಎಸ್ಸಿ. ಎರಡು ವರ್ಷ. ಪರೀಕ್ಷೆ ಪಾಸಾದರೆ ಸಾಲದು. ರೋಗಿಗಳ ಜೊತೆ ಇಷ್ಟು ಗಂಟೆ ಕೆಲಸ ಮಾಡಿದ್ದೇನೆಂದು ಲಾಗ್ ಬುಕ್ಕಿನಲ್ಲಿ ತೋರಿಸಬೇಕು. ಆ ಗಂಟೆಗಳನ್ನು ದಿಲ್ಲಿಯ ಮಂಡಳಿಯಲ್ಲಿ ನೋಂದಣಿ ಇರುವ ಮೇಡಂ ಒಬ್ಬರು ಕಣ್ಣಾರೆ ನೋಡಿ ಸಹಿ ಹಾಕಬೇಕು. ಯಾರೂ ನೋಡದ ಗಂಟೆ ಗಂಟೆಯೇ ಅಲ್ಲ. ಎಲ್ಲ ಮುಗಿದ ಮೇಲೆ ಇವಳ ಹೊಸ ಅರ್ಹತೆಯೂ ಮಂಡಳಿಯಲ್ಲಿ ದಾಖಲಾಗಬೇಕು, ಆ ನೋಂದಣಿಯನ್ನು ಕೆಲವು ವರ್ಷಕ್ಕೊಮ್ಮೆ ನವೀಕರಿಸುತ್ತಲೂ ಇರಬೇಕು. ಇಷ್ಟಕ್ಕಾಗಿ ಹುಡುಗಿ ದಿನಾ ಠಾಣೆಯಲ್ಲಿ ಲೋಕಲ್ ಗಾಡಿ ಬದಲಿಸಿ, ಸೀವುಡ್ಸ್ ತನಕ ಜೋತಾಡಿಕೊಂಡು ಹೋಗುತ್ತಿದ್ದಳು.

ಸೀವುಡ್ಸಿನ ಆ ಕಾಲೇಜಿನ ಕ್ಲಿನಿಕ್ಕಿನಲ್ಲಿ ಹೀಗೆ ನೋಡುವುದಕ್ಕೆಂದೇ ಒಂದು ವ್ಯವಸ್ಥೆ ಇತ್ತು. ಥೆರಪಿ ಕೋಣೆಯ ಗೋಡೆಗೆ ದೊಡ್ಡ ಕನ್ನಡಿ. ಈಚೆ ಇರುವವರಿಗೆ ಅದು ಬರೀ ಕನ್ನಡಿ, ಆಚೆಯ ಕತ್ತಲೆ ಕೋಣೆಯಲ್ಲಿ ಕೂತವರಿಗೆ ಕಿಟಕಿ. ಆ ಕತ್ತಲೆ ಕೋಣೆಯಲ್ಲಿ ಒಂದು ಬೆತ್ತದ ಕುರ್ಚಿ, ಒಂದು ಸ್ಟೂಲು, ಈಚೆಯ ಮಾತು ಕೇಳಿಸುವ ಒಂದು ಸ್ಪೀಕರ್. ಅಲ್ಲಿ ಕೂತು ರಮಿತಾಳ ಕೆಲಸ ನೋಡಬೇಕಾದವರು ಪ್ರಿಯಂವದಾ ಮೇಡಂ.

ಕೊನೆಯ ಸೆಮಿಸ್ಟರಿನಲ್ಲಿ ಅವಳಿಗೆ ಬಾಕಿ ಇದ್ದದ್ದು ಲಕ್ವ ಹೊಡೆದು ಮಾತು ಹೋದವರ ಜೊತೆಗಿನ ಗಂಟೆಗಳು. ಸಿಕ್ಕಿದವರು ಸೈದಪ್ಪ. ವಿಜಯಪುರದ ಕಡೆಯವರು, ವಾಶಿಯ ಮಾರ್ಕೆಟ್ಟಿನಲ್ಲಿ ಚೀಲ ಹೊತ್ತು ಬದುಕಿದ ಹಮಾಲ. ವಿದ್ಯಾರ್ಥಿಗಳಲ್ಲಿ ಕನ್ನಡ ಬರುತ್ತಿದ್ದದ್ದು ಇವಳೊಬ್ಬಳಿಗೇ. ಸೈದಪ್ಪನವರ ಹೆಂಡತಿ ಚಂದ್ರಬಾಯಿ ಮೂಲೆಯಲ್ಲಿ ಕೂತಿರುತ್ತಿದ್ದರು.

ಮಾತು ಹೋದವರಲ್ಲೂ ಎಷ್ಟೋ ಸಲ ಬಾಯಿಪಾಠದ ಎಣಿಕೆ ಉಳಿದಿರುತ್ತದಂತೆ. ಮೊದಲ ದಿನ ರಮಿತಾ, "ಕಾಕಾ, ಒಂದರಿಂದ ಹತ್ತರವರೆಗೆ ಹೇಳಿ" ಎಂದಳು. ಸೈದಪ್ಪ ಬಹಳ ಹೊತ್ತು ಕನ್ನಡಿಯನ್ನೇ ನೋಡಿ, "ಲಾಭ... ಎರಡ" ಎಂದು ನಿಲ್ಲಿಸಿದರು. ಇವಳು ಕಾಗದದಲ್ಲಿ ತಪ್ಪು ಗುರುತು ಹಾಕಿದಳು. ಡೊಂಬಿವಲಿಯಲ್ಲಿ ಹುಟ್ಟಿದ ಕರಾವಳಿಯ ಹುಡುಗಿಗೆ ಇನ್ನೇನು ಗೊತ್ತಿರುತ್ತದೆ.

"ತಪ್ಪಲ್ರೀ ಮೇಡಮ್ಮಾರ," ಎಂದರು ಚಂದ್ರಬಾಯಿ. "ಚೀಲ ಎಣಸುವಾಗ ನಾವು ಒಂದ ಅನ್ನಂಗಿಲ್ಲ. ಮೊದಲಿಂದಕ್ಕ ಲಾಭ ಅಂತೀವಿ. ಆಮ್ಯಾಲ ಎರಡ, ಮೂರ."

"ಮತ್ತೆ ಎರಡಕ್ಕೇ ಯಾಕೆ ನಿಲ್ಲಿಸಿದ್ರು?"

"ಇದ್ದಷ್ಟ ಎಣಸ್ಯಾರ. ಇಲ್ಲದ್ದ ಎಲ್ಲಿಂದ ತರೂದು?"

ಮನೆಗೆ ಬಂದು ಇದನ್ನು ಹೇಳಿದಾಗ ನಾವಿಬ್ಬರೂ ನಕ್ಕಿದ್ದೆವು.

ವಾರಕ್ಕೆ ಮೂರು ದಿನ ಪಾಠ. ಬಂದು ಕೂತ ಕೂಡಲೇ ಸೈದಪ್ಪ ಸ್ವಾಧೀನವಿದ್ದ ಎಡಗೈ ಎತ್ತಿ, ಕನ್ನಡಿಯತ್ತ ಬೆರಳು ಮಾಡಿ, "ಲಾಭ, ಎರಡ" ಎನ್ನುತ್ತಿದ್ದರು. ಅದೊಂದು ಅಭ್ಯಾಸವೆಂದು ಇವಳು ಬಿಟ್ಟುಬಿಟ್ಟಳು. ಒಂದು ಮಂಗಳವಾರ ಅವರು "ಲಾಭ" ಎಂದವರು ಅಲ್ಲಿಗೇ ನಿಲ್ಲಿಸಿದರು. ಮುಂದಿನ ಮೂರು ಪಾಠಗಳಲ್ಲೂ ಅಷ್ಟೇ. ಕಾಕಾನಿಗೆ ಇದ್ದದ್ದೂ ಮರೆತುಹೋಗುತ್ತಿದೆ ಎಂದು ರಮಿತಾಳಿಗೆ ಚಿಂತೆಯಾಯಿತು.

ನಾಲ್ಕನೆಯ ಪಾಠ ಮುಗಿದ ಕೂಡಲೇ ಮೇಡಮ್ಮಿಗೆ ಹೇಳೋಣವೆಂದು ಕನ್ನಡಿಯ ಹಿಂದಿನ ಕೋಣೆಗೆ ಹೋದಳು. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಅಲ್ಲಿನ ಹಳೆಯ ಪ್ಯೂನ್ ಕಿಟ್ಟಣ್ಣ ಬಂದು ಚಿಲಕ ತೆಗೆದರು. ಒಳಗೆ ಯಾರೂ ಇರಲಿಲ್ಲ.

"ಮೇಡಂ ಹೋದ ಮಂಗಳವಾರದಿಂದ ಇಲ್ಲಿಗೆ ಬರ್ಲಿಲ್ಲ ಮಗಾ," ಎಂದರು ಕಿಟ್ಟಣ್ಣ. "ಠಾಣೆಯ ಮಾಜಿವಾಡಾದಲ್ಲಿ ಅವರದ್ದೇ ಕ್ಲಿನಿಕ್ ಶುರುವಾಯ್ತಲ್ಲ."

ರಮಿತಾ ಹೊಸ್ತಿಲಲ್ಲೇ ನಿಂತಳು. ಕಾಕಾನ ಎಣಿಕೆ ಮೇಡಂ ಇದ್ದ ದಿನಗಳಲ್ಲಿ ಎರಡು, ಇಲ್ಲದ ದಿನಗಳಲ್ಲಿ ಒಂದು. ಹಾಗಾದರೆ ಆ ಒಂದು ಯಾರು?

"ಇಲ್ಲಿ ಬೇರೆ ಯಾರಾದ್ರೂ ಕೂರ್ತಾರಾ ಕಿಟ್ಟಣ್ಣ?"

ಕಿಟ್ಟಣ್ಣ ಹೆಗಲ ಮೇಲಿನ ಬಟ್ಟೆಯಿಂದ ಬೆತ್ತದ ಕುರ್ಚಿ ಒರೆಸಿದರು. "ಇದ್ರಲ್ಲಿ ಮೊದ್ಲಿನ ಸತ್ಯಭಾಮಾ ಮೇಡಂ ಕೂರ್ತಿದ್ರು. ಇಪ್ಪತ್ತು ವರ್ಷ, ಒಂದು ಗಂಟೆ ತಪ್ಪಿಸ್ಲಿಲ್ಲ. ಜೀವ ಹೋದದ್ದೂ ಇಲ್ಲೇ, ಕೂತಲ್ಲೇ. ಆಚೆ ಇದ್ದ ಹುಡುಗಿಗೆ ಗೊತ್ತೇ ಆಗ್ಲಿಲ್ಲ. ಪಾಠ ಪೂರ್ತಿ ಮುಗಿಸಿ ಸಹಿ ಹಾಕಿಸ್ಲಿಕ್ಕೆ ಬಂದಳು. ಪ್ರಿಯಂವದಾ ಮೇಡಂ ಇದ್ರಲ್ಲಿ ಕೂರುದಿಲ್ಲ. ಸ್ಟೂಲಲ್ಲೇ ಕೂರುದು."

ಎರಡು ದಿನ ಬಿಟ್ಟು ಬಂದ ಪ್ರಿಯಂವದಾ ಮೇಡಂ ಲಾಗ್ ಬುಕ್ ಎಳೆದುಕೊಂಡು ನಾಲ್ಕೂ ಗಂಟೆಗೆ ಸಹಿ ಹಾಕಲು ಹೊರಟರು. ರಮಿತಾ ಪುಟದ ಮೇಲೆ ಕೈ ಇಟ್ಟಳು.

"ಮೇಡಂ, ಆ ನಾಲ್ಕೂ ದಿನ ನೀವಿರಲಿಲ್ಲ."

"ಕೆಲಸ ನೀನು ಮಾಡಿದೀಯ ತಾನೇ? ಎಲ್ಲಾ ಕಡೆ ನಡೆಯೋದೇ ಇದು. ಈಗ ಗಡುವು ತಪ್ಪಿದ್ರೆ ಆರು ತಿಂಗಳು ಹೋಗುತ್ತೆ, ನೋಡು."

ಅದು ನಿಜವೇ. ಠಾಣೆಯ ಆಸ್ಪತ್ರೆಯೊಂದರಲ್ಲಿ ಅವಳಿಗೆ ಕೆಲಸ ಗೊತ್ತಾಗಿತ್ತು, ನೋಂದಣಿಯ ಕಾಗದವೊಂದೇ ಬಾಕಿ. ಇಷ್ಟಿದ್ದೂ ಆ ಮಹಾರಾಯ್ತಿ ನಾಲ್ಕು ಗಂಟೆಗಳನ್ನೂ ತಾನೇ ಕೆಂಪು ಪೆನ್ನಿನಿಂದ ಹೊಡೆದುಹಾಕಿ ಬಂದಳು. ಆಸ್ಪತ್ರೆಯವರು ಬೇರೆಯವರನ್ನು ತೆಗೆದುಕೊಂಡರು.

ನನಗೆ ಮೈ ಉರಿದುಹೋಯಿತು. "ನೀನೇನು ಹರಿಶ್ಚಂದ್ರನ ಮೊಮ್ಮಗಳಾ?" ಎಂದು ಬಾಯಿಗೆ ಬಂದಂತೆ ಬೈದೆ.

"ಆ ನಾಲ್ಕು ದಿನವೂ ಯಾರೋ ಕೂತು ನೋಡಿದ್ದಾರೆ ಚಿಕ್ಕಮ್ಮ. ಅವರ ಕಣ್ಣೆದುರೇ ಸುಳ್ಳು ಹೇಗೆ ಬರೀಲಿ?"

"ಹಾಗಾದ್ರೆ ಅವರ ಹತ್ರವೇ ಸಹಿ ಹಾಕಿಸ್ಕೋ."

ಅವಳು ನಗಲಿಲ್ಲ. "ಅವರ ನೋಂದಣಿ ನವೀಕರಣ ಆಗಿಲ್ಲ" ಎಂದಳು.

ದೆವ್ವಭೂತ ಎಂದವರನ್ನು ಜೀವಮಾನವಿಡೀ ಗೇಲಿ ಮಾಡಿದವಳು ನಾನು. ಅವತ್ತು ನಮ್ಮ ಹಾಲಿನ ಗೋಡೆಯ ಕನ್ನಡಿಗೆ ಬೆನ್ನು ಹಾಕಿ ಊಟಕ್ಕೆ ಕೂರಲು ನನ್ನಿಂದಾಗಲಿಲ್ಲ.

ಆರು ತಿಂಗಳು ತಡವಾಗಿ ಅವಳ ಗಂಟೆಗಳು ತುಂಬಿದವು, ನೋಂದಣಿಯೂ ಆಯಿತು. ಎರಡು ವರ್ಷ ಅಲ್ಲಿ ಇಲ್ಲಿ ದುಡಿದಳು. ಅಷ್ಟರಲ್ಲಿ ಪ್ರಿಯಂವದಾ ಮೇಡಂ ಕಾಲೇಜು ಬಿಟ್ಟಿದ್ದರು, ಅವರ ಜಾಗಕ್ಕೆ ಇವಳನ್ನೇ ಕರೆದರು. ಮೊದಲ ದಿನ ಎದೆ ಗಟ್ಟಿಮಾಡಿಕೊಂಡು ಬೆತ್ತದ ಕುರ್ಚಿಯಲ್ಲೇ ಕೂತಳಂತೆ. ಗಾಜಿನ ಆಚೆ ಮಲ್ಲಿಕಾ ಎಂಬ ಕನ್ನಡ ಬಲ್ಲ ವಿದ್ಯಾರ್ಥಿನಿ, ಅವಳೆದುರು ಸೈದಪ್ಪ. ಈಗ ಅವರು ನೀರು ಕೇಳುತ್ತಿದ್ದರು, ಚಾ ಕೇಳುತ್ತಿದ್ದರು, ಹೆಂಡತಿಯ ಹೆಸರು ಹಿಡಿದು ಕರೆಯುತ್ತಿದ್ದರು. ಅಂದೂ ಕನ್ನಡಿಯತ್ತ ಬೆರಳೆತ್ತಿ, "ಲಾಭ" ಎಂದರು. ಅಷ್ಟೇ.

"ಸತ್ಯಭಾಮಾ ಮೇಡಂ ಈಗ ರಿಟೈರ್ ಆದ್ರು ಅಂತ ಕಾಣ್ತದೆ," ಎಂದರಂತೆ ಕಿಟ್ಟಣ್ಣ. ಅದನ್ನು ಕೇಳಿ ನನಗೂ ನೆಮ್ಮದಿಯಾಯಿತು. ಆಮೇಲೆ ತಿಂಗಳಿಗೊಮ್ಮೆ ಬಂದಾಗಲೆಲ್ಲ ಸೈದಪ್ಪನವರ ಎಣಿಕೆ ಒಂದಕ್ಕೇ ನಿಲ್ಲುತ್ತಿತ್ತು.

ಹೋದ ತಿಂಗಳ ಮಾತು. ಮಧ್ಯಾಹ್ನ ಪಾಠ ಶುರುವಾಗುವ ಹೊತ್ತಿಗೆ ರಮಿತಾಳ ಫೋನು ನಡುಗಿತು. ಪ್ರಿಯಂವದಾ ಮೇಡಂ. ತಮ್ಮ ಕ್ಲಿನಿಕ್ಕಿಗೆ ಬಾ ಎಂದು ವಾರದಿಂದ ಕರೆಯುತ್ತಿದ್ದರು, ಅಂದೇ ಉತ್ತರ ಬೇಕಿತ್ತು. ಮಲ್ಲಿಕಾ ಜಾಣೆ, ಹತ್ತು ನಿಮಿಷ ನೋಡದಿದ್ದರೆ ಏನಾಗುತ್ತದೆ ಎಂದುಕೊಂಡು ಇವಳು ಬೆತ್ತದ ಕುರ್ಚಿಯಿಂದ ಎದ್ದಳು. ಚಿಲಕಕ್ಕೆ ಕೈ ಹಾಕಿದಳು.

ಬೆನ್ನ ಹಿಂದೆ ಸ್ಪೀಕರಿನಿಂದ ಸೈದಪ್ಪನವರ ದನಿ ಬಂತು. "ಲಾಭ."

ಇವಳ ಕೈ ಚಿಲಕದ ಮೇಲೆಯೇ ಇತ್ತು.

"ಎರಡ."

ರಮಿತಾ ಫೋನ್ ಆರಿಸಿ ಹಿಂದಕ್ಕೆ ಬಂದಳು. ಕುರ್ಚಿಯ ಕಡೆ ನೋಡಲಿಲ್ಲ. ಸ್ಟೂಲು ಎಳೆದುಕೊಂಡು ಕೂತವಳು ಗಂಟೆ ಮುಗಿಯುವವರೆಗೂ ಗಾಜಿನಿಂದ ಕಣ್ಣು ಕೀಳಲಿಲ್ಲವಂತೆ.