ಸೌತಿಕಾಯಿಗೆ ಕಟ್ಟಿದ ವಾಚು

ಆ ವಾಚಿಗೆ ನಾಲ್ಕು ಸಾವಿರದ ಎರಡು ನೂರು ಕೊಟ್ಟೆ. ಅಂಗಡಿಯವನು ಹೇಳಿದ್ದು ಐದು ಸಾವಿರ. ಅಷ್ಟು ಸುರಿಯಲು ಕಾರಣವಿತ್ತು. ಮೊದಲು ನಾನು ಎಂಟು ನೂರಕ್ಕೆ ತಂದಿದ್ದ ವಾಚನ್ನು ಈರಪ್ಪ ಕಾಕಾ ಸೌತಿಕಾಯಿಗೆ ಕಟ್ಟಿದ್ದರು. ಸೌತಿಕಾಯಿಯ ಎದೆಬಡಿತ ಎಪ್ಪತ್ತೆರಡು ಎಂದು ಅದು ತೋರಿಸಿತ್ತು.

“ಹೆಚ್ಚಿದ್ರ ರಕ್ತ ಬರತೈತೇನ ನೋಡೂಣು ತಡಿ ತಮ್ಮಾ” ಎಂದು ಹೆಂಡತಿಗೆ, ನಮ್ಮ ಕಾಕೂಗೆ, ಈಳಿಗೆ ತರಲು ಕೂಗಿದ್ದರು.

ಕಾಕಾ ಬೈಲಹೊಂಗಲದ ದನದ ಸಂತೆಯಲ್ಲಿ ದಲ್ಲಾಳಿ. ಇಂದು ನನ್ನದೊಂದು ಹಿಂಡಿ ಅಂಗಡಿ ಇದ್ದರೆ ಅದು ಅವರು ಕಲಿಸಿದ ವ್ಯಾಪಾರದಿಂದ. ಟವೆಲ್ಲಿನ ಕೆಳಗೆ ಎದುರಿನವನ ಬೆರಳು ಹಿಡಿದು ದರ ತಿಳಿಸುವಾಗ ಮುಖದ ಮೇಲೆ ನೊಣ ಕುಳಿತರೂ ಅವರ ಹುಬ್ಬು ಅಲುಗುತ್ತಿರಲಿಲ್ಲ. ಯಾರನ್ನೂ ನಂಬುತ್ತಿರಲಿಲ್ಲ. ಎತ್ತಿನ ಹಲ್ಲು ನೋಡಿ, ನಡೆಸಿ, ಕೊಂಬಿನ ಬಣ್ಣವನ್ನೂ ಉಗುರಿನಿಂದ ಕೆರೆಯುತ್ತಿದ್ದರು. ತಲೆಸುತ್ತು ಬಂದಾಗ, ಎದೆಬಡಿತದ ಮೇಲೆ ಕಣ್ಣಿಡಲು ಹೇಳಿದ ಡಾಕ್ಟರ ಮೇಲೂ ಸಂಶಯವೇ: “ವಾಚ್ ಮಾರವ್ರ ಕಡಿಂದ ಅವಂಗೂ ದಲ್ಲಾಳಿ ರೊಕ್ಕ ಸಿಗತಿರಬೇಕು.”

ಹೊಸ ವಾಚನ್ನೂ ಸೌತಿಕಾಯಿಗೆ ಕಟ್ಟಿದರು. ಏನೂ ತೋರಿಸಲಿಲ್ಲ.

“ಇದು ಖರೇ ಹೇಳತೈತಿ. ಇರಲಿ.”

ಹಲ್ಲು ನೋಡಿ ಕೊಂಡ ಎತ್ತನ್ನು ಮತ್ತೆ ಅನುಮಾನಿಸುವ ಪದ್ಧತಿ ಅವರದಲ್ಲ. ಆದರೂ ಸಂತೆಯಲ್ಲಿ ಅಂಗಿಯ ತೋಳನ್ನು ವಾಚಿನ ಮೇಲೆ ಎಳೆದುಕೊಳ್ಳುತ್ತಿದ್ದರು. “ನನ್ನ ಎದಿ ಹಾರೂದು ಗಿರಾಕಿಗೆ ಕಂಡ್ರ ದರಾ ಮುರೀತಾನ.”

ಹೋದ ವರ್ಷದ ಒಂದು ಸಂತೆ. ಸುರೇಬಾನದ ಗಿರಾಕಿಯ ಬೆರಳು ಟವೆಲ್ಲಿನ ಕೆಳಗೆ ಕಾಕಾರ ಕೈಯಲ್ಲಿತ್ತು. ತಂಪು ಹೊತ್ತಿನಲ್ಲೂ ಕಾಕಾ ಬೆವರಿದ್ದರು.

“ಏಳ್ರಿ ಕಾಕಾ, ದವಾಖಾನಿಗೆ ಹೋಗೂಣು” ಎಂದೆ.

“ಎದಿ ಒಂದೀಟ ಬಿಗದೈತಿ, ಅಷ್ಟ. ಪಿತ್ತ ಆಗೇತಿ.” ತೋಳು ಸರಿಸಿ, ಗಿರಾಕಿಯ ಎದುರಿಗೇ ಮೊದಲ ಸಲ ವಾಚು ತೋರಿಸಿದರು. ಎಪ್ಪತ್ತಾರು. “ಸೌತಿಕಾಯಿ ಬಗ್ಗೆ ಸುಳ್ಳ ಹೇಳಲಿಲ್ಲ ಇದು. ನನ್ನ ಬಗ್ಗೆ ಹೇಳತೈತೇನು?”

ಸುಳ್ಳು ಹೇಳಿರಲಿಲ್ಲ. ಅದಕ್ಕೆ ಗೊತ್ತಿದ್ದುದು ಬಡಿತ ಎಣಿಸುವುದಷ್ಟೇ. ಹೃದಯದ ರಕ್ತನಾಳ ಕಟ್ಟಿಕೊಂಡಿದ್ದು ಅದಕ್ಕೆ ಕಾಣುವಂಥದಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು. ಕಾಕಾ ವ್ಯವಹಾರ ಮುಗಿಸಿಯೇ ಎದ್ದರು. ಟೆಂಪೋ ದವಾಖಾನೆಯ ಗೇಟು ಮುಟ್ಟುವಷ್ಟರಲ್ಲಿ, ನನ್ನ ಕೈಯಲ್ಲಿದ್ದ ಅವರ ಬೆರಳುಗಳು ಸಡಿಲವಾದವು.

ವಾಚು ಬೇಡ ಎನ್ನುವುದಿಲ್ಲ. ಸೌತಿಕಾಯಿಗೆ ಕಟ್ಟಿ ನೋಡಿ, ಚೌಕಾಶಿ ಮಾಡಿಯೇ ಕೊಳ್ಳಿರಿ. ಬಡಿತ ತಪ್ಪಿದೆ ಎಂದು ಅದು ಹೇಳಿದರೆ ಡಾಕ್ಟರಿಗೆ ತೋರಿಸಿರಿ. ಎದೆ ಬಿಗಿದು ಬೆವರು ಬಂದಾಗ ಮಾತ್ರ ಅದನ್ನು ಕೇಳುತ್ತ ಕೂಡಬೇಡಿರಿ. ಟವೆಲ್ಲನ್ನು ಅಲ್ಲೇ ಬಿಟ್ಟು ಎದ್ದು ಹೋಗಿ ಇಸಿಜಿ ಮಾಡಿಸಿರಿ. ಎತ್ತು ಮುಂದಿನ ಸಂತೆಗೂ ಬರುತ್ತದೆ.