ಬಿಚ್ಚಲು ಎಷ್ಟು ಜನ?

ಪಟ್ಟಿಯಕ್ಕನಿಗೆ ಆ ಹೆಸರು ಬಂದದ್ದು ಬಲ್ಬಿನ ಖಾಲಿ ಡಬ್ಬಗಳಿಂದ. ಸಭೆ ಸಮಾರಂಭಗಳಿಗೆ ವೇದಿಕೆ, ಲೈಟು, ಮೈಕು, ಸ್ಪೀಕರ್, ಜೊತೆಗೆ ಅವನ್ನೆಲ್ಲ ಕಟ್ಟಿ ಬಿಚ್ಚುವ ಆಳುಗಳನ್ನೂ ಕಳಿಸಿಕೊಡುವ ಗೋದಾಮಿನಲ್ಲಿ ಅವಳು ಕೇಬಲ್ ಸುತ್ತುವ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷ. ಯಾವ ಸಾಮಾನು ಎಲ್ಲಿಗೆ ಹೋಯಿತು, ಅಲ್ಲಿ ಏನು ಎಡವಟ್ಟಾಯಿತು ಎಂಬುದನ್ನು ಡಬ್ಬ ಹರಿದು ಅದರ ಹಿಂಬದಿಯಲ್ಲಿ ಪಟ್ಟಿ ಮಾಡಿಡುವುದು ಅವಳ ಚಟ. ಕೇಬಲ್ಲನ್ನು ತಿರುಚದೆ ಸುತ್ತುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಮಾತೂ ಹಾಗೇ, ನೇರ.

ಆರ್ಡರ್ ಬರುತ್ತಿದ್ದದ್ದು ಫೋನಿನಲ್ಲಿ. "ಹೋದ ಸಲದ ಹಾಗೇ ಕಳಿಸಿಬಿಡಿ" ಎನ್ನುತ್ತಿದ್ದರು ಗಿರಾಕಿಗಳು. ಹೋದ ಸಲ ಏನು ಕಳಿಸಿದ್ದೆವೆಂದು ಆಫೀಸಿನವರಿಗೂ ನೆನಪಿಲ್ಲ, ಅವರಿಗೂ ನೆನಪಿಲ್ಲ; ಪಟ್ಟಿಯಕ್ಕನ ಡಬ್ಬಗಳನ್ನು ತಿರುಗಿಸಿ ನೋಡುವವರೂ ಇಲ್ಲ. ಒಂದು ದಿನ ಮೂರನೇ ಮಹಡಿಯ ಸಭಾಂಗಣಕ್ಕೆ ಹೋದ ವೇದಿಕೆಯ ಹಲಗೆಗಳು ಬಾಗಿಲಲ್ಲೇ ಸಿಕ್ಕಿಕೊಂಡವು. ಹೋದ ಲಾರಿ ತುಂಬಿಕೊಂಡೇ ವಾಪಸ್ಸು ಬಂತು. ಯಜಮಾನರು ಹಲಗೆ ಹೊತ್ತವರ ಮೇಲೆ ಹರಿಹಾಯ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೋಪ ಇಳಿದ ಮೇಲೆ, ಇನ್ನು ಮುಂದೆ ಆರ್ಡರ್ ಫಾರ್ಮ್ ಇಲ್ಲದೆ ಒಂದು ಬಲ್ಬೂ ಗೋದಾಮು ದಾಟಕೂಡದೆಂದು ಅಪ್ಪಣೆಯಾಯಿತು.

ಮ್ಯಾನೇಜರು ಎರಡೇ ದಿನದಲ್ಲಿ ಆರು ಪುಟದ ಫಾರ್ಮ್ ತಯಾರಿಸಿದರು. ಇನ್ನೂರ ನಲವತ್ತು ಸಾಮಾನುಗಳ ಹೆಸರು, ಒಂದೊಂದರ ಮುಂದೆ ಒಂದು ಚೌಕ. ಪಾಪ, ಒಂದು ಶಾಲೆಯ ಹೆಡ್‌ಮಾಸ್ಟರು ಯಾವುದನ್ನು ಬಿಟ್ಟರೆ ಏನು ಕೆಡುತ್ತದೋ ಎಂದು ಹೆದರಿ ಎಲ್ಲಕ್ಕೂ ಟಿಕ್ ಹಾಕಿದರು. ಸಹಿ ಮಾಡುವ ಜಾಗಕ್ಕೂ ಟಿಕ್ಕೇ.

ಮರುದಿನ ಪಟ್ಟಿಯಕ್ಕ ಟಿವಿ ಬಂದಿದ್ದ ದೊಡ್ಡ ರಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಆಫೀಸಿನೊಳಗೆ ಬಂದಳು. ಅದರ ಹಿಂಬದಿಯಲ್ಲಿ ಅವಳ ಫಾರ್ಮ್. ಅದರಲ್ಲಿ ಒಂದೇ ಒಂದು ಸಾಮಾನಿನ ಹೆಸರಿರಲಿಲ್ಲ. ಎಷ್ಟು ಜನ ಕೂರುತ್ತಾರೆ? ಮಾತಾಡುವವರು ಎಷ್ಟು, ನಿಂತೋ ಕೂತೋ? ಅವರಲ್ಲಿ ವಯಸ್ಸಾದವರು ಇದ್ದಾರೆಯೇ, ಮೆಟ್ಟಿಲಿಗೆ ಹಿಡಿ ಬೇಕೇ? ಬಾಗಿಲಲ್ಲಿ ನಿಂತು ಎರಡೂ ಕೈ ಚಾಚಿ ನೋಡಿ, ಗೋಡೆ ತಾಗುತ್ತದೆಯೇ? ಕರೆಂಟಿನ ಕೋಣೆಯ ಬೀಗದ ಕೈ ಯಾರ ಜೇಬಿನಲ್ಲಿದೆ?

"ಇದೇನಕ್ಕ, ಆರ್ಡರ್ ಫಾರ್ಮೋ ಪೊಲೀಸ್ ವಿಚಾರಣೆಯೋ?" ಎಂದು ಮ್ಯಾನೇಜರು ನಕ್ಕರು.

"ಸಾಮಾನು ನಮಗೆ ಗೊತ್ತು ಸಾರ್, ಜಾಗ ಅವ್ರಿಗೆ ಗೊತ್ತು. ಗೊತ್ತಿರೋದನ್ನ ಕೇಳಿದ್ರೆ ತಾನೇ ಹೇಳ್ತಾರೆ?"

ಮ್ಯಾನೇಜರು ಓದುತ್ತಾ ಕೊನೆಯ ಸಾಲುಗಳಿಗೆ ಬಂದು ನಿಂತರು. 'ಕಟ್ಟಲು ಎಷ್ಟು ಜನ? ಬಿಚ್ಚಲು ಎಷ್ಟು ಜನ? ಸಭಾಂಗಣ ಎಷ್ಟು ಗಂಟೆಗೆ ಖಾಲಿ ಆಗಬೇಕು?' ಅವರು ಕೆಂಪು ಪೆನ್ನು ತೆಗೆದು ಬಿಚ್ಚುವವರ ಸಾಲಿನ ಮೇಲೆ ಗೀಟು ಎಳೆದರು. "ಕಟ್ಟೋಕೆ ಜನ ಬೇಕು, ಒಪ್ತೀನಿ. ಬಿಚ್ಚೋದಕ್ಕೇನು, ಯಾರಾದ್ರೂ ಬಿಚ್ತಾರೆ."

ಆ ಮಾತು ಅವಳಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಗೇಟಿನ ಹತ್ತಿರ ಕುರ್ಚಿಯಲ್ಲಿ ಕೂತು ಗಾಡಿಗಳ ನಂಬರು ಬರೆಯುವವನು ಅವಳ ಸ್ವಂತ ತಮ್ಮ. ಮೂರು ವರ್ಷದ ಹಿಂದೆ ಅವನೇ ಇಲ್ಲಿಯ ಗಟ್ಟಿ ಆಳು. ಒಂದು ಕಾರ್ಯಕ್ರಮಕ್ಕೆ ಎಂಟು ಜನ ಕಟ್ಟಿದ್ದರು. ಕಾರ್ಯಕ್ರಮ ಮುಗಿಯುವ ಮೊದಲೇ ಆರು ಜನರನ್ನು ಬೇರೆ ಕಡೆಗೆ ಕರೆಸಿಕೊಂಡರು. ಉಳಿದ ಇಬ್ಬರಲ್ಲಿ ಅವನೊಬ್ಬ; ಸ್ಪೀಕರ್ ಇಳಿಸುವಾಗ ಅವನ ಬೆನ್ನು ಹೋಯಿತು. ಈಗ ಒಂದು ಗಂಟೆ ಕೂತರೆ ಎದ್ದು ನಿಲ್ಲಬೇಕು, ಹತ್ತು ನಿಮಿಷ ನಿಂತರೆ ಕೂರಬೇಕು. ಅವನನ್ನು ಈ ಗೋದಾಮಿಗೆ ಸೇರಿಸಿದವಳು ತಾನೇ ಎಂಬ ಸಂಕಟ ಅವಳನ್ನು ಒಂದು ದಿನವೂ ಬಿಟ್ಟಿರಲಿಲ್ಲ.

"ಬಾಗಿಲಿನ ಪ್ರಶ್ನೆ ಬೇಕಾದ್ರೆ ತೆಗೀರಿ, ಬೀಗದ ಕೈದೂ ತೆಗೀರಿ," ಎಂದಳು. "ಈ ಸಾಲಿಗೆ ಮಾತ್ರ ಕೈ ಹಾಕ್ಬೇಡಿ. ಇದು ಹೋದ್ರೆ ನಾನೂ ಹೋಗ್ತೀನಿ."

ಮಾತು ಕೇಳಿ ಒಳಗೆ ಬಂದ ಯಜಮಾನರು ಇಬ್ಬರನ್ನೂ ನೋಡಿದರು. "ಮುಂದಿನ ಗಿರಾಕಿಗೆ ಎರಡೂ ಫಾರ್ಮ್ ಕಳಿಸಿ. ಯಾವುದು ಕೆಲ್ಸಕ್ಕೆ ಬರುತ್ತೋ ಅದು ಉಳೀಲಿ."

ಮುಂದಿನ ಗಿರಾಕಿ ನರ್ಸಿಂಗ್ ಕಾಲೇಜಿನ ಗುಮಾಸ್ತೆ. ಪದವಿ ಕೊಡುವ ಸಮಾರಂಭ, ನಾನೂರು ಜನ. ಆರು ಪುಟದ ಫಾರ್ಮನ್ನು ಅವರು ಹಾಗೆಯೇ ಖಾಲಿ ಕಳಿಸಿದರು, ಮೇಲೊಂದು ಚೀಟಿ: 'ಇದರಲ್ಲಿ ನನಗೆ ಅರ್ಥವಾದದ್ದು ಕುರ್ಚಿ ಮಾತ್ರ.' ಪಟ್ಟಿಯಕ್ಕನ ಪ್ರಶ್ನೆಗಳಿಗೆ ಒಂದೂ ಬಿಡದೆ ಉತ್ತರ ಬರೆದಿದ್ದರು. ಬಾಗಿಲಲ್ಲಿ ಅವರೂ ಜವಾನನೂ ಒಟ್ಟಿಗೆ ಕೈ ಚಾಚಿ ನೋಡಿದ್ದರಂತೆ, ಇನ್ನೂ ಜಾಗ ಉಳಿಯಿತಂತೆ. ಕೊನೆಯ ಸಾಲಿನಲ್ಲಿ ಹೀಗಿತ್ತು: 'ಮಧ್ಯಾಹ್ನ ಎರಡಕ್ಕೆ ಅಲ್ಲೇ ಪರೀಕ್ಷೆ ಇದೆ. ನೀವು ಕೇಳಿದ್ದು ಒಳ್ಳೆಯದಾಯಿತು.'

ಮ್ಯಾನೇಜರು ಫಾರ್ಮ್ ಹಿಡಿದು ಗಂಟೆಯ ಲೆಕ್ಕ ಹಾಕಿದರು. ಸಮಾರಂಭ ಮುಗಿಯುವುದು ಹನ್ನೆರಡೂವರೆಗೆ. ರೂಢಿಯಂತೆ ಇಬ್ಬರನ್ನೇ ಬಿಟ್ಟು ಬಂದಿದ್ದರೆ ಪರೀಕ್ಷೆ ಬರೆಯುವವರು ಸ್ಪೀಕರ್ ಮೇಲೆ ಕೂರಬೇಕಾಗುತ್ತಿತ್ತು.

ಸಮಾರಂಭದ ದಿನ ಕಟ್ಟಿದ ಎಂಟು ಜನರೂ ಬಿಚ್ಚಲು ನಿಂತರು. ಒಂದೊಂದು ಸ್ಪೀಕರಿಗೆ ನಾಲ್ಕು ಜನ, ಎರಡೆರಡು ಬದಿ, "ಹಾಂ, ಇಳಿಸು" ಎಂದರೆ ಎಲ್ಲರೂ ಒಟ್ಟಿಗೆ. ಪಟ್ಟಿಯಕ್ಕ ಮೂಲೆಯಲ್ಲಿ ಕೇಬಲ್ ಸುತ್ತುತ್ತಾ ಒಬ್ಬೊಬ್ಬರ ಬೆನ್ನನ್ನೇ ನೋಡುತ್ತಿದ್ದಳು. ಒಂದೂ ನಲವತ್ತಕ್ಕೆ ನೆಲ ಗುಡಿಸಿದಂತಾಗಿತ್ತು. ಒಬ್ಬನಿಗೂ ಕೈ ತರಚಲಿಲ್ಲ. ಅವಳಿಗೆ ಅಳುವೂ ಬಂತು, ಕುಣಿಯಬೇಕೆಂದೂ ಅನ್ನಿಸಿತು; ಸುತ್ತಮುತ್ತ ಜನರಿದ್ದುದರಿಂದ ಎರಡನ್ನೂ ಮಾಡಲಿಲ್ಲ. ಸಂಜೆಗೆ ಕಾಲೇಜಿನ ಪ್ರಿನ್ಸಿಪಾಲರು ಯಜಮಾನರಿಗೆ ಫೋನ್ ಮಾಡಿದರು. ಬೈಯಲು ಅಲ್ಲದೆ ಬಂದ ಫೋನು ಎಷ್ಟೋ ವರ್ಷಕ್ಕೆ ಅದೇ ಮೊದಲು.

ರಟ್ಟಿನ ಮೇಲಿದ್ದುದನ್ನು ಮ್ಯಾನೇಜರೇ ಕೂತು ಟೈಪ್ ಮಾಡಿದರು. ಬಿಚ್ಚುವವರ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿ, 'ಕಟ್ಟಿದವರಿಗಿಂತ ಕಡಿಮೆ ಬರೆಯಬೇಡಿ' ಎಂದು ತಾವಾಗಿಯೇ ಸೇರಿಸಿದರು. "ಗಿರಾಕಿಗೆ ಉತ್ತರ ತಿಳೀದೆ ಇದ್ರೆ ಯಾರನ್ನ ಕೇಳ್ಬೇಕು, ಅಕ್ಕ?" ಎಂದಾಗ ಅವಳು ತಮ್ಮನ ಫೋನ್ ನಂಬರು ಹೇಳಿದಳು. ಅದು ಫಾರ್ಮಿನ ಬುಡದಲ್ಲಿ ಅಚ್ಚಾಯಿತು.

ನಾಲ್ಕು ತಿಂಗಳಾಗಿರಬೇಕು, ಯಜಮಾನರು ಕೈಯಲ್ಲೊಂದು ಕಾಗದ ಹಿಡಿದು ಗೋದಾಮಿಗೆ ನುಗ್ಗಿ ಬಂದರು. ಬೀದಿಯ ಕೊನೆಯಲ್ಲಿದ್ದ ಇನ್ನೊಂದು ಗೋದಾಮಿನವರ ಫಾರ್ಮ್ ಅದು. "ನೋಡಮ್ಮ, ಹಾಡುಹಗಲೇ ಕದ್ದಿದ್ದಾರೆ! ಕೈ ಚಾಚೋದು, ಬೀಗದ ಕೈ, ಬಿಚ್ಚೋರು, ಎಲ್ಲಾ ನಿಂದೇ!"

ಪಟ್ಟಿಯಕ್ಕ ಓದಿ ನೋಡಿದಳು. ದಪ್ಪ ಅಕ್ಷರದ ಸಾಲು ಹಾಗೆಯೇ ಇತ್ತು. "ಕದೀಲಿ ಬಿಡಿ ಯಜಮಾನ್ರೇ. ಅವ್ರ ಆಳುಗಳಿಗೂ ಬೆನ್ನಿದೆ."

ಕಳ್ಳತನದ ಗಡಿಬಿಡಿಯಲ್ಲಿ ಅವರು ಬುಡದ ಫೋನ್ ನಂಬರನ್ನೂ ಬಿಡದೆ ನಕಲು ಮಾಡಿದ್ದರು. ಅವಳು ಅದನ್ನು ತೋರಿಸುವಷ್ಟರಲ್ಲೇ ಗೇಟಿನಲ್ಲಿ ತಮ್ಮನ ಫೋನು ಹೊಡೆದುಕೊಂಡಿತು. ಅವನು ಕುರ್ಚಿಯಿಂದ ಎದ್ದು, ಕಂಬಕ್ಕೆ ಒರಗಿ, ಇಡೀ ಅಂಗಳಕ್ಕೆ ಕೇಳುವ ಹಾಗೆ ಮಾತಾಡಿದ.

"ಹೌದು ಸಾರ್, ಯಾವ ಗೋದಾಮಾದ್ರೇನು, ಕೇಳಿ. ಕಟ್ಟೋಕೆ ಆರು ಜನಾನಾ? ಹಾಗಾದ್ರೆ ಬಿಚ್ಚೋಕೂ ಆರು. ಇಬ್ರು ಸಾಕಾಗಲ್ಲ ಸಾರ್, ನನಗೆ ಚೆನ್ನಾಗಿ ಗೊತ್ತು. ಆರು ಅಂತಲೇ ಬರೀರಿ. ನೀವು ಬರೆಯೋವರೆಗೂ ನಾನು ಫೋನ್ ಇಡಲ್ಲ."