ಕಟಾವಿನಲ್ಲಿ ಉಳಿದ ಗಿಡ

ಆರು ದಿನ ಹೈಸ್ಕೂಲಿನಲ್ಲಿ ಗಂಟಲು ಹರಿದುಹೋಗುವ ಹಾಗೆ ಗಣಿತ ಪಾಠ ಮಾಡಿ, ಏಳನೇ ದಿನ ಮಾತಿಲ್ಲದೆ ಕಳೆಯುವುದು ಹೇಗಿರುತ್ತದೆ ಅಂತ ಯಾರಾದರೂ ನನ್ನನ್ನು ಕೇಳಬೇಕು. ಗಂಡ ತೀರಿಕೊಂಡ ಮೇಲೆ ಚನ್ನಪಟ್ಟಣದ ಆ ಮಹಡಿ ಮನೆಯಲ್ಲಿ ಭಾನುವಾರ ಅನ್ನೋದು ಬೆಳಗಾದರೆ ಮುಗಿಯುತ್ತಲೇ ಇರಲಿಲ್ಲ. ಹಾಲಿನವನಿಗೆ ‘ಅರ್ಧ ಲೀಟರ್ ಸಾಕಪ್ಪ’ ಅಂದರೆ ಅವತ್ತಿನ ಮಾತು ಮುಗಿಯಿತು. ನೆಂಟರು ಕರೆಯುತ್ತಿರಲಿಲ್ಲ ಅಂತಲ್ಲ. ಹೋದ ಕಡೆಯೆಲ್ಲ ‘ಪಾಪ’ ಅಂತಲೇ ಶುರು ಮಾಡೋರು. ನನಗೋ ಮೂಗಿನ ತುದೀಲೇ ಕೋಪ. ಪಾಪ ಅನ್ನಿಸಿಕೊಂಡು ಹೋಳಿಗೆ ತಿನ್ನೋದಕ್ಕಿಂತ ಮನೇಲಿ ಗಂಜಿ ಕುಡಿಯೋದು ವಾಸಿ ಅಂತ ಹೋಗೋದನ್ನೇ ಬಿಟ್ಟೆ.

ಕ್ಯಾಮೆರಾ ಬಂದದ್ದು ಆಗ. ಮದುವೆ ಫೋಟೋ ತೆಗೆಯುವ ಸ್ಟುಡಿಯೋದವನು ಮೂಲೆಗೆ ಹಾಕಿದ್ದ ಹಳೇ ಮಾಲು. ಲೆನ್ಸು ಬಿಚ್ಚೋಕೆ ಬರಲ್ಲ, ಜೂಮ್ ಮಾಡಿದರೆ ಮಿಕ್ಸಿ ಥರ ಗುರ್ ಅನ್ನುತ್ತೆ, ಬ್ಯಾಟರಿ ಮುಚ್ಚಳಕ್ಕೆ ರಬ್ಬರ್ ಬ್ಯಾಂಡು. ಸ್ಟ್ಯಾಂಡಿನ ಬದಲು ಹಳೇ ದಿಂಬಿನ ಚೀಲಕ್ಕೆ ಹುರುಳಿ ತುಂಬಿ ಅದರ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಒಮ್ಮೆ ರಾಮನಗರದ ಬೆಟ್ಟದಲ್ಲಿ ರಣಹದ್ದು ನೋಡಲು ಬಂದ ಬೆಂಗಳೂರಿನವರ ಪಕ್ಕ ನಿಂತೆ. ಅವರ ಕೈಲಿ ಫಿರಂಗಿಯಂಥ ಲೆನ್ಸುಗಳು. ಒಬ್ಬ ನನ್ನದನ್ನು ನೋಡಿ ‘ಆಂಟಿ, ಇದರಲ್ಲಿ ಹದ್ದು ಬರುತ್ತಾ?’ ಅಂದ. ‘ಬರುತ್ತಪ್ಪಾ, ಚುಕ್ಕಿ ಬರುತ್ತೆ’ ಅಂದೆ. ದೂರದ ಹದ್ದು ಅವರಿಗಿರಲಿ ಅಂತ ಮುಂದಿನ ವಾರ ಅಕ್ಕೂರಿನ ಬಸ್ಸು ಹತ್ತಿದೆ.

ಅಲ್ಲಿ ರಸ್ತೆ ಪಕ್ಕದ ರೇಷ್ಮೆ ಸೊಪ್ಪಿನ ತೋಟದಲ್ಲಿ ಸಿಂಪಿಗ ಹಕ್ಕಿಯ ಜೋಡಿ ಓಡಾಡುತ್ತಿತ್ತು. ಹೆಬ್ಬೆರಳಷ್ಟು ಹಕ್ಕಿ. ಎರಡು ಎಲೆ ಸೇರಿಸಿ, ಅಂಚಿಗೆ ದಾರ ಹಾಕಿ ಹೊಲಿದು, ಒಳಗೆ ಹತ್ತಿ ತುಂಬುತ್ತಿತ್ತು. ನಾನು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಕ್ಯಾಮೆರಾದ ಜೊತೆ ಗುದ್ದಾಡುತ್ತಿದ್ದಾಗ ತೋಟದ ಯಜಮಾನಿ ಕುಡುಗೋಲು ಹಿಡಿದು ಬಂದಳು. ಅರವತ್ತು ದಾಟಿದ ಗಟ್ಟಿ ಹೆಂಗಸು.

‘ಯಾರವ್ವ ಅದು? ಟೀವಿಯೋರಾ?’

‘ಅಲ್ಲ. ಹಕ್ಕಿ ಫೋಟೋ ತೆಗೀತಿದೀನಿ.’

‘ತಗಂಡು ಏನ್ ಮಾಡೀರಿ?’

ನನಗೆ ರೇಗಿತು. ‘ನೋಡ್ಕೋತೀನಿ’ ಅಂದೆ.

‘ಒಸಿ ನಂಗೂ ತೋರ್ಸಿ ಮತ್ತೆ.’

ಆ ಪುಟ್ಟ ಪರದೆಯನ್ನು ನನ್ನ ಬಿಟ್ಟು ಇನ್ನೊಬ್ಬರು ನೋಡಿದ್ದು ಅದೇ ಮೊದಲು. ‘ಅಯ್ಯೋ ಇದರ ಮನೆ ಹಾಳಾಗ, ನನ್ ಸೊಪ್ಪನ್ನೇ ಹೊಲ್ದೈತಲ್ಲಾ!’ ಅಂತ ಅವಳು ಬಿದ್ದು ಬಿದ್ದು ನಕ್ಕಳು. ನನಗೂ ನಗು ಬಂತು.

ಆಮೇಲೆ ಭಾನುವಾರಗಳಿಗೆ ಒಂದು ದಾರಿಯಾಯಿತು. ರೇಷ್ಮೆ ಹುಳ ಗೂಡು ಕಟ್ಟೋದಕ್ಕೆ ಬಿಡುವ ಬಿದಿರಿನ ಚಂದ್ರಿಕೆ, ಬಾಗಿಲಷ್ಟು ಎತ್ತರದ್ದು. ಅಂಥವು ಎರಡು ಹಳೆಯವನ್ನು ಅವಳು ತಂದು ಬದುವಿನ ಮೇಲೆ ಒಂದಕ್ಕೊಂದು ಒರಗಿಸಿ ನನಗೆ ಮರೆ ಮಾಡಿಕೊಟ್ಟಳು. ಅದರ ಸಂದಿಯಿಂದ ಜೂಮ್ ಮಾಡುತ್ತಾ ಕೂರುತ್ತಿದ್ದೆ. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು ತರುತ್ತಿದ್ದಳು. ‘ಹುಳದ ಮನೆ ಒಳಕ್ಕೆ ಮಾತ್ರ ಬರಬ್ಯಾಡಿ ಮೇಡಮ್ಮೋರೆ, ನಿಮ್ಮ ಪೌಡರ್ ವಾಸ್ನೆ ಹುಳಕ್ಕಾಗಲ್ಲ’ ಅಂದಳು. ಅವತ್ತಿಂದ ಪೌಡರ್ ಹಾಕೋದು ಬಿಟ್ಟೆ.

ಮೊಟ್ಟೆಯೊಡೆದು ಮೂರು ಮರಿ ಬಂದವು. ಅವು ಕಣ್ಣು ಬಿಟ್ಟ ಭಾನುವಾರವೇ ಅವಳು ಬಂದು ಬದುವಿನ ಮೇಲೆ ಕೂತಳು. ಹುಳ ಪೊರೆ ಬಿಡುವುದಕ್ಕೆ ಅವರು ಜ್ವರ ಅನ್ನುತ್ತಾರೆ. ‘ನಾಕ್ನೇ ಜ್ವರ ಎದ್ದವೆ. ಇನ್ನು ಬಕಾಸುರನಂಗೆ ತಿಂತವೆ. ನಾಳೆ ನಾಳಿದ್ದರಲ್ಲಿ ತೋಟ ಪೂರ್ತಿ ಕುಯ್ದ್ಬುಡ್ಬೇಕು’ ಅಂದಳು.

‘ಒಂದು ವಾರ ತಡೀರಿ, ಹಾರಿಹೋಗ್ತವೆ’ ಅಂದೆ.

‘ಹುಳ ತಡೀಬೇಕಲ್ಲ?’

ಅದೂ ಸರಿಯೇ. ವರ್ಷವೆಲ್ಲ ಅವರು ತಿನ್ನೋದು ಆ ಹುಳ ತಿಂದರೆ ತಾನೇ. ಅವಳು ಗಿಡ ನೋಡಿದಳು, ನನ್ನ ಮುಖ ನೋಡಿದಳು. ‘ಹೋಗ್ಲಿ ಬುಡಿ, ನಿಮ್ಮ ಗಿಡ ಒಂದ ಬುಡ್ತೀನಿ. ಅದರ ಎಲೆ ಮುಟ್ಟಾಕಿಲ್ಲ’ ಅಂದಳು. ನನಗೆ ಎಷ್ಟು ಖುಷಿಯಾಯಿತು ಅಂದರೆ ಅವಳ ಕೈ ಹಿಡಿದುಕೊಂಡೆ. ಆ ವಾರ ತರಗತಿಯಲ್ಲಿ ಯಾರಿಗೂ ಬೈಯಲಿಲ್ಲವಂತೆ. ಸ್ಟಾಫ್ ರೂಮಿನಲ್ಲಿ ‘ಮೇಡಂಗೆ ಹುಷಾರಿಲ್ವಾ?’ ಅಂತ ವಿಚಾರಿಸಿದರು.

ಮುಂದಿನ ಭಾನುವಾರ ಬಸ್ಸಿನ ಕಿಟಕಿಯಿಂದಲೇ ಆ ಗಿಡ ಕಾಣಿಸಿತು. ಕಾಣಿಸಿದ್ದೇ ತಡ, ನಮ್ಮ ದಡ್ಡತನ ಗೊತ್ತಾಯಿತು. ತೋಟಕ್ಕೆ ತೋಟವೇ ಮೊಣಕಾಲುದ್ದದ ಮೋಟು. ನಟ್ಟನಡುವೆ ಹಸಿರಾಗಿ ಅದೊಂದೇ ಗಿಡ. ಆಕಾಶದಲ್ಲಿ ಹೋಗುವ ಕಾಗೆಗೂ ಕರೆದು ತೋರಿಸಿದ ಹಾಗಿತ್ತು. ಗಣಿತ ಹೇಳಿಕೊಡುವ ನನಗೂ ಹೊಳೆಯಲಿಲ್ಲ, ಆ ನೆಲದಲ್ಲೇ ಹುಟ್ಟಿದಂತಿದ್ದ ಅವಳಿಗೂ ಹೊಳೆಯಲಿಲ್ಲ.

ಓಡಿಹೋಗಿ ಚಂದ್ರಿಕೆ ಹಿಂದೆ ಕೂತೆ. ತಾಯಿಯೋ ತಂದೆಯೋ, ಒಂದು ಹಕ್ಕಿ ಬಾಯಲ್ಲಿ ಹುಳ ಕಚ್ಚಿಕೊಂಡು ಬಂತು. ಗೂಡಿನ ಹತ್ತಿರ ಹೋಗಿ ಅದೇ ಹುಳ ಕಚ್ಚಿಕೊಂಡೇ ಈಚೆಗೆ ಬಂತು. ಮೋಟಿನ ಮೇಲೆ ಕೂತು ಕರೆಯಿತು. ಮತ್ತೆ ಹೋಯಿತು, ಮತ್ತೆ ಬಂತು. ಹುಳ ನುಂಗಲೂ ಇಲ್ಲ, ಬಿಡಲೂ ಇಲ್ಲ. ಕ್ಯಾಮೆರಾ ಕಣ್ಣಿಗೆ ಹಿಡಿದಿದ್ದೆ, ಬಟನ್ ಒತ್ತಲು ಕೈ ಬರಲಿಲ್ಲ. ಎದ್ದು ಹೋಗಿ ನೋಡಿದರೆ ಹೊಲಿಗೆ ಹರಿದು ಎಲೆ ಜೋತಾಡುತ್ತಿತ್ತು. ಒಳಗೆ ಹತ್ತಿ ಮಾತ್ರ. ಬೇಲಿಯ ಮೇಲೆ ಕೆಂಬೂತವೊಂದು ಏನೂ ಆಗಿಲ್ಲವೆಂಬ ಹಾಗೆ ಕೂತಿತ್ತು.

ಅಷ್ಟರಲ್ಲಿ ಅವಳು ಮುಖವರಳಿಸಿಕೊಂಡು ಬಂದಳು. ‘ಹಾರೋದ್ವಾ?’

‘ಕೆಂಬೂತ ತಿಂದುಹಾಕಿದೆ’ ಅಂದೆ. ಸಿಟ್ಟು ತಡೆಯಲಿಲ್ಲ. ‘ಬಯಲಲ್ಲಿ ಒಂದೇ ಗಿಡ ಬಿಟ್ಟರೆ ಇನ್ನೇನಾಗುತ್ತೆ? ಒಂದು ಸಾಲಾದರೂ ಬಿಡಬಾರದಿತ್ತಾ?’

ಅವಳು ಹರಿದ ಎಲೆಯನ್ನು ಬೆರಳಿಂದ ಸರಿಮಾಡಿದಳು. ಅದು ಮತ್ತೆ ಜೋತುಬಿತ್ತು.

‘ಹಕ್ಕಿಗೇಂತ ಬುಟ್ಟೆ ಅನ್ಕಂಡ್ರಾ?’ ಅಂದಳು. ‘ಇಂಥ ಹಕ್ಕಿ ಎಷ್ಟು ನೋಡಿಲ್ಲ ನಾನು. ಮನೆ ತುಂಬ ಜನ ಅವ್ರೆ. ಸೊಪ್ಪು ಬಂತಾ, ಮುದ್ದೆ ಆಯ್ತಾ ಅಂತಾರೆ, ಅಷ್ಟೇಯ. ಗೂಡು ಹೋದ್ಮೇಲೆ ನೀವ್ಯಾಕೆ ಈ ಕಡೆ ಬತ್ತೀರಿ? ಅದ್ಕೇ ಬುಟ್ಟೆ.’

ಭಾನುವಾರಕ್ಕಾಗಿ ಕಾಯುವವಳು ನಾನೊಬ್ಬಳೇ ಅಂದುಕೊಂಡಿದ್ದೆ. ಚೀಲ ಎತ್ತಿಕೊಂಡು ಬಸ್ಸು ಹತ್ತಿ ಅತ್ತೆ. ಪಕ್ಕದಲ್ಲಿದ್ದ ಹೆಂಗಸು ‘ಯಾರಾದ್ರೂ ಹೋಗ್ಬುಟ್ರಾ?’ ಅಂತ ಕೇಳಿದಳು. ಹೂಂ ಅಂದೆ.

ಮುಂದಿನ ಭಾನುವಾರ ಕ್ಯಾಮೆರಾ ಮನೆಯಲ್ಲೇ ಬಿಟ್ಟು ಹೋದೆ. ಅವಳು ಹುಳದ ಮನೆಯ ಬಾಗಿಲಲ್ಲಿ ಬುಟ್ಟಿ ಕೊಡವುತ್ತಿದ್ದವಳು ತಲೆಯೆತ್ತಿ ನನ್ನ ಎರಡೂ ಕೈ ನೋಡಿದಳು.

‘ಎಲ್ಲಿ, ಕೆಟ್ಟೋಯ್ತಾ?’

‘ಇಲ್ಲ. ಸುಮ್ನೆ ಬಂದೆ.’

ಹಾಗೆ ಹೇಳಿಕೊಂಡು ಒಬ್ಬರ ಬಾಗಿಲಿಗೆ ಹೋಗಿ ಎಷ್ಟು ವರ್ಷವಾಗಿತ್ತೋ.

‘ಸುಮ್ನೆ ಬಂದ್ರಾ?’ ಅಂದಳು. ಬುಟ್ಟಿ ಕೆಳಗಿಟ್ಟು, ನಂಬಿಕೆಯಾಗದೆ, ಇನ್ನೊಂದು ಸಲ ಕೇಳಿದಳು.